ರೇಣವ್ವ ಕೊಟ್ಟ ಉಡಿಮಣ್ಣು

ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ಬಸ್ಸು ನಿಂತೂ ನಿಲ್ಲದ ಹಾಗೆ ಮಾಡಿ ಮುಂದೆ ಸಾಗುವ ಊರೊಂದು ಮಲಪ್ರಭೆಯ ದಂಡೆಯಲ್ಲಿದೆ. ಆ ಊರಲ್ಲಿ ಎಲೆಕೋಸು ಬೆಳೆಯುವ ಮನೆ ಹನ್ನೊಂದು. ಹನ್ನೊಂದು ಮನೆಗೂ ಅಗಿ ಕೊಡುತ್ತಿದ್ದವಳು ಒಬ್ಬಳೇ. ಬೀಜ ಮಡಿಯಲ್ಲಿ ಮೊಳೆತು, ನಾಲ್ಕೆಲೆಯಾಗಿ, ಕಿತ್ತು ಹೊಲಕ್ಕೆ ಹಚ್ಚಲು ಬಂದ ಸಸಿಗೆ ಅಲ್ಲಿ ಅಗಿ ಎನ್ನುತ್ತಾರೆ. ಅದನ್ನು ಎಬ್ಬಿಸಿ ಕೊಡುವವಳು ರೇಣವ್ವ. ವಯಸ್ಸು ಐವತ್ತಾರೋ ಐವತ್ತೆಂಟೋ, ಅವಳಿಗೇ ನೆಟ್ಟಗೆ ಗೊತ್ತಿಲ್ಲ. ಎತ್ತರದ ಹೆಂಗಸು. ಮಾತು ಕಡಿಮೆ.

ಅವಳ ಕತೆ ಹೇಳಬೇಕೆಂದರೆ ಎಂಟು ಗುಂಟೆ ನೆಲದಿಂದ ಶುರು ಮಾಡಬೇಕು. ಮದುವೆಯಾದ ಆರನೆಯ ವರ್ಷ ಗಂಡ ನಿಂಗರಾಜ ಹೊಳೆಯೊಳಗಿನ ಮೋಟರು ಎತ್ತಲು ಇಳಿದವನು ಮೇಲೆ ಬರಲಿಲ್ಲ. ಮಕ್ಕಳಿರಲಿಲ್ಲ. ಗಂಡನ ಅಣ್ಣತಮ್ಮಂದಿರು ಹಿಸ್ಸೆ ಮಾಡುವಾಗ ದಂಡೆಯ ಮೇಲಿನ ಕೆಂಪು ಉಸುಕುಮಣ್ಣಿನ ಎಂಟು ಗುಂಟೆ ತೋರಿಸಿ, "ಇದ ನೋಡ ನಿಂದು. ಕಲ್ಲ ಬೆಳೀತಾವ, ಕಲ್ಲ ತಿನ್ನು," ಎಂದರು. ಅಂದು ನಕ್ಕರು ಕೂಡ.

ಅವಳಿಗೊಬ್ಬ ತಮ್ಮ, ಅಮಸಿದ್ದಪ್ಪ. ಹೊಳೆಯಾಚೆಯ ಊರಿನವನು, ಬೀರಪ್ಪನ ಒಕ್ಕಲು, ಕುರಿ ಕಾಯುವವನು. ಬೇಸಿಗೆಯಲ್ಲಿ ಬರಿ ಹೊಲದೊಳಗೆ ಬಲೆ ಕಟ್ಟಿ ಕುರಿಹಿಂಡನ್ನು ಕೂಡಿಹಾಕಿದರೆ ಅದರ ಹಿಕ್ಕೆ ಗಂಜಲವೆಲ್ಲ ನೆಲಕ್ಕೆ ಗೊಬ್ಬರ. ಇದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ತರುಬಿಸಿಕೊಂಡ ಹೊಲದವರು ಕುರಿಗಾರನಿಗೆ ಜೋಳ ಕೊಡುವುದು ವಾಡಿಕೆ. ಅಕ್ಕನ ಎಂಟು ಗುಂಟೆಗೆ ಅಮಸಿದ್ದಪ್ಪ ಏಳು ಬೇಸಿಗೆ ಬಿಟ್ಟಿ ತರುಬಿದ. ಅಕ್ಕ ಸೇರು ಜೋಳ ಹಿಡಿದು ಬಂದರೆ, "ಮದ್ಲ ನಿನ್ನ ಹೊಲದ ಹೊಟ್ಟಿ ತುಂಬಲಿ ಯಕ್ಕಾ, ನನ್ನ ಹೊಟ್ಟಿ ಆಮ್ಯಾಲ ನೋಡಂತಿ," ಎಂದು ಕಳಿಸುತ್ತಿದ್ದ. ಎಂಟನೆಯ ವರ್ಷ ರೇಣವ್ವ ಆ ನೆಲದಲ್ಲಿ ಬೆರಳಾಡಿಸಿದರೆ ಮಣ್ಣು ಜೋಳದ ಹಿಟ್ಟಿನ ಹಾಗೆ ಉದುರಿತು.

ಅವಳು ಅದರಲ್ಲಿ ಅಗಿ ಎಬ್ಬಿಸಿದಳು. ರೇಣವ್ವನ ಅಗಿ ಹಚ್ಚಿದರೆ ಸಾಯುವುದಿಲ್ಲ ಎಂಬ ಮಾತು ಕೆರೂರ ಸಂತೆಯ ತನಕ ಹೋಯಿತು. ಕೈಗುಣ ಎಂದರು ಜನ.

ಇನ್ನು ಅವಳು ಅಗಿ ಕೊಡುವ ರೀತಿ ಕೇಳಿ. ತವರಿಂದ ಹೊರಟ ಮಗಳನ್ನು ಯಾರಾದರೂ ಬರಿ ಉಡಿಯಲ್ಲಿ ಕಳಿಸುತ್ತಾರೆಯೇ? ಅಗಿಯೂ ತವರು ಬಿಟ್ಟು ಹೋಗುವ ಮಗಳೇ ಎಂಬುದು ರೇಣವ್ವನ ಲೆಕ್ಕ. ಅದಕ್ಕೆಂದೇ ಮಡಿಗಳ ನಡುವೆ ಚಾಪೆಯಷ್ಟಗಲದ ಒಂದು ಸಣ್ಣ ಮಡಿ ಬೇರೆ ಇಟ್ಟಿದ್ದಳು. ಅದು ತಾಯಿಮಡಿ. ಯಾರ ಹೊಲದಲ್ಲಿ ನಾಟಿಯಾದರೂ ಮೊದಲ ಐದು ಅಗಿ ತಾಯಿಮಡಿಯವು. ಅವುಗಳ ಜೊತೆ ಸೆರಗಿನಲ್ಲಿ ಒಂದು ಹಿಡಿ ತಾಯಿಮಡಿಯ ಮಣ್ಣು. ಅವಳು ಬರಿಗಾಲಲ್ಲಿ ಹೋಗಿ, ಹೊಲದ ಈಶಾನ್ಯ ಮೂಲೆಯಲ್ಲಿ ಕೂತು, ಐದೂ ಅಗಿಯನ್ನು ತಾನೇ ಹಚ್ಚಿ, ಬುಡಕ್ಕೆ ಆ ಉಡಿಮಣ್ಣು ಹಾಕಿ ಎದ್ದ ಮೇಲೆಯೇ ಆಳುಗಳು ಸಾಲಿಗೆ ಇಳಿಯಬೇಕು. ಉಳಿದ ಸಾವಿರಗಟ್ಟಲೆ ಅಗಿ ಬೇರೆ ಮಡಿಗಳಿಂದ ಹೋಗುತ್ತಿದ್ದವು. ಒಂದು ವರ್ಷ ಅವಳಿಗೆ ಜ್ವರ. ಊರಿನ ದೊಡ್ಡ ಬೆಳೆಗಾರ ಗುರಪ್ಪ, ಆರು ಎಕರೆಯ ಧಣಿ, ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮೂಲೆಯಲ್ಲಿ ಕೂರಿಸಿ, ಮಣ್ಣು ಹಾಕಿಸಿಕೊಂಡು ಬಂದಿದ್ದ.

ಹೀಗೆ ಇಪ್ಪತ್ತು ವರ್ಷ ನಡೆಯಿತು. ಯಾವ ಕೇಡೂ ಆಗಲಿಲ್ಲ.

ಕೇಡು ಬಂದದ್ದು ಒಂದು ಮದುವೆಯಿಂದ. ಘಟ್ಟದ ಕಡೆಯ ಒಂದು ಹಳ್ಳಿಗೆ ರೇಣವ್ವ ಗಂಡನ ಮನೆ ಕಡೆಯ ಬೀಗರ ಮದುವೆಗೆ ಹೋಗಿದ್ದಳು. ಆ ಮನೆಯ ಹಿತ್ತಲ ಹೊಲದಲ್ಲಿ ಎಲೆಕೋಸು ನೀರಿನ ಕೊಡದಷ್ಟು ದಪ್ಪ. ನೋಡಿ ನಿಂತೇಬಿಟ್ಟಳು. ಒಂದೆರಡು ಗಿಡ ಮಧ್ಯಾಹ್ನದ ಬಿಸಿಲಿಗೆ ತಲೆ ಬಾಗಿಸಿದ್ದನ್ನೂ ಕಂಡಳು, ನೀರು ಕಡಿಮೆಯಾಗಿರಬೇಕು ಎಂದುಕೊಂಡಳು. ಹೊರಡುವಾಗ ಬೀಗಿತ್ತಿ, ಗಂಡ ಸತ್ತವಳೆಂದು ಎಣಿಸದೆ, ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಿಡಿದು ಉಡಿ ತುಂಬಲು ಬಂದರೆ ರೇಣವ್ವ ನಾಚಿಕೊಂಡು, "ಅದರ ಮ್ಯಾಲ ಒಂದಿಷ್ಟ ನಿಮ್ಮ ಹೊಲದ ಮಣ್ಣ ಹಾಕ್ರಿ," ಎಂದಳು. ಅವರು ನಕ್ಕು ಅರ್ಧ ಚೀಲ ತುಂಬಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು. ರೇಣವ್ವ ಅದನ್ನು ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಬಂದು ತಾಯಿಮಡಿಗೆ ಸುರಿದಳು.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಆಷಾಢ ಮುಗಿಯುವ ಹೊತ್ತಿಗೆ ನಾಟಿಗೆಂದು ತಾಯಿಮಡಿಯ ಅಗಿ ಕಿತ್ತಳು. ಬೇರು ಬಿಳಿ ದಾರದ ಎಳೆಯಂತಿರಬೇಕು. ಅಲ್ಲಿ ಕಾಳು ಕಾಳಾಗಿ ಬಾತಿತ್ತು. ಇನ್ನೊಂದು ಕಿತ್ತಳು, ಅದೂ ಹಾಗೆ. ಇಪ್ಪತ್ತರಷ್ಟು ಕಿತ್ತಳು. ಆಚೀಚೆ ನೋಡಿದಳು, ಯಾರೂ ಕಾಣಲಿಲ್ಲ. ಅಷ್ಟನ್ನೂ ಮುದ್ದೆ ಮಾಡಿ ಹೊಳೆಗೆ ಎಸೆದಳು. ಉಳಿದವುಗಳಲ್ಲಿ ಬೇರು ಸಣ್ಣಗಿದ್ದವನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು, ಜೊತೆಗೆ ಮಣ್ಣನ್ನೂ.

ಮಳೆ ಬಂದಿತ್ತು. ಹನ್ನೊಂದು ಮನೆಯವರು ಹೊಲಕ್ಕೆ ಸಾಲು ಹೊಡೆದು ಕಾಯುತ್ತಿದ್ದರು. ತಾಯಿಮಡಿಗೇ ಏನೋ ಆಗಿದೆ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದ್ದರೆ ಉಳಿದ ಮಡಿಗಳ ಅಗಿಯನ್ನು ಯಾರು ಒಯ್ಯುತ್ತಿದ್ದರು? ಆ ಎಂಟು ಗುಂಟೆಯ ಹೊರಗೆ ರೇಣವ್ವನಿಗೆ ಬೇರೆ ಬದುಕೂ ಇರಲಿಲ್ಲ, ಬೇರೆ ಹೆಸರೂ ಇರಲಿಲ್ಲ. ಸುಮ್ಮನೆ ಹೋಗಿ ಹನ್ನೊಂದು ಮೂಲೆಯಲ್ಲೂ ಕೂತು ಎದ್ದು ಬಂದಳು.

ನಾಟಿಯಾಗಿ ಐದು ವಾರಕ್ಕೆ ಯಮನಪ್ಪನ ಹೊಲದ ಮೂಲೆಯಲ್ಲಿ ಗಿಡಗಳು ಮಧ್ಯಾಹ್ನ ಜೋತುಬೀಳತೊಡಗಿದವು. ಬಿಸಿಲಿಳಿದರೆ ಏಳುತ್ತಿದ್ದವು, ಮರುದಿನ ಮತ್ತೆ ಬೀಳುತ್ತಿದ್ದವು.

"ಏನಲೇ ಯಮನಪ್ಪಾ, ನಿನ್ನ ಕ್ಯಾಬೀಜೂ ನಿನ್ನಂಗ ಉಂಡ ಮ್ಯಾಲ ಮಲಗತಾವಲ್ಲೋ!" ಎಂದು ಗುರಪ್ಪ ಬದುವಿನ ಮೇಲೆ ನಿಂತು ನಕ್ಕ.

"ನಿನ್ನ ಮೂಲಿ ನೋಡಕೊಂಡೀಯೇನ ಧಣಿ? ಅಲ್ಲೂ ಹಾಸಿಗಿ ಹಾಸ್ಯಾವ," ಎಂದ ಯಮನಪ್ಪ.

ಗುರಪ್ಪ ಓಡಿಹೋಗಿ ನೋಡಿದ. ಒಂದು ಗಿಡ ಕಿತ್ತ. ಬೇರಿನ ಜಾಗದಲ್ಲಿ ಹಸಿ ಶುಂಠಿಯ ಕೊಂಬಿನಂಥದು ಬಂತು, ತುದಿ ಕೊಳೆತಿತ್ತು. ಆ ನಾತಕ್ಕೆ ಮುಖ ತಿರುಗಿಸಿದ. ಹದಿನೈದು ದಿನದೊಳಗೆ ಹನ್ನೊಂದು ಹೊಲದಲ್ಲೂ ಅದೇ ನಾತ.

ಹಾಲಿನ ಡೇರಿಯ ಕಟ್ಟೆಯ ಮೇಲೆ ಊರು ಕೂಡಿತು. ರೋಗ ಎಲ್ಲಿಂದ ಬಂತು? ಯಮನಪ್ಪನೇ ಬಾಯಿ ತೆಗೆದ. "ಕುರಿ ತರುಬಿದ ಹೊಲ ಹನ್ನೊಂದ. ರೋಗ ಬಂದದ್ದೂ ಹನ್ನೊಂದ. ಮತ್ತೇನ ರೋಗ ಬಸ್ಸ ಹತ್ತಿ ಬಂತೇನ?"

ಕುರಿ ಎಂದರೆ ಅಮಸಿದ್ದಪ್ಪನ ಕುರಿ, ಆ ಬೇಸಿಗೆ ಹನ್ನೊಂದು ಹೊಲದಲ್ಲೂ ಅವನದೇ ಹಿಂಡು ಮಲಗಿತ್ತು. ಎಲ್ಲರೂ ರೇಣವ್ವನ ಕಡೆ ನೋಡಿದರು. ಗುರಪ್ಪ ಕೇಳಿದ: "ಅತ್ತಿ, ತಮ್ಮ ಅಂತ ಮುಲಾಜ ಇಟಗೋಬ್ಯಾಡ. ನೆಲದ ಮಾತ ನಿನಗ ತಿಳೀತೈತಿ. ಕುರಿಯಿಂದ ಬಂದಿರಬಹುದೋ ಇಲ್ಲೋ?"

ಕಟ್ಟೆಯ ಕೆಳಗೆ ಅಮಸಿದ್ದಪ್ಪ ಕಂಬಳಿ ಹೊದ್ದು ಕೂತಿದ್ದ. ಅಕ್ಕ ತನ್ನ ಪರ ಮಾತಾಡುತ್ತಾಳೆಂದು ತಲೆ ಎತ್ತಿದ.

"ಬಂದಿರಬಹುದು," ಎಂದಳು ರೇಣವ್ವ. "ಎಲ್ಲೆಲ್ಲೋ ಅಡ್ಡ್ಯಾಡಿ ಬರ್ತಾವ. ಗೊರಸಿನ್ಯಾಗ ಏನ ತರ್ತಾವೋ, ಯಾರಿಗ ಗೊತ್ತ."

ಅಷ್ಟೇ ಮಾತು. ಅಮಸಿದ್ದಪ್ಪ ಅವಳನ್ನೇ ನೋಡುತ್ತ ಕೂತ. ಆಮೇಲೆ ಎದ್ದು ಹೋದ. ಊರಿನ ಸೀಮೆಯೊಳಗೆ ಅವನ ಕುರಿ ಕಾಲಿಡಬಾರದು ಎಂದು ಅಂದೇ ತೀರ್ಮಾನವಾಯಿತು. ಆಚೆ ಊರಿಗೂ ಸುದ್ದಿ ಹೋಯಿತು, ಅವರೂ ಬೇಡ ಎಂದರು.

ಮಳೆಗಾಲದಲ್ಲಿ ಕುರಿಗೆ ಬೇಕಾದದ್ದು ಎತ್ತರದ ಒಣ ನೆಲ. ಒಣ ನೆಲವೆಲ್ಲ ಹೊಲದವರದು. ಅಮಸಿದ್ದಪ್ಪನ ಹಿಂಡು ಹೊಳೆಯಂಚಿನ ರಾಡಿಯಲ್ಲಿ ನಿಂತಿತು. ಎಂಟು ದಿನಕ್ಕೆ ಗೊರಸಿನ ಸಂದು ಕೊಳೆಯತೊಡಗಿ, ಕುರಿಗಳು ಮೊಣಕಾಲೂರಿ ಮೇಯುತ್ತಿದ್ದವು. ಅವನು ಅಕ್ಕನ ಮನೆಬಾಗಿಲಿಗೆ ಬಂದ. ಕಂಬಳಿಯೊಳಗೆ ಎರಡು ಮರಿ ಇದ್ದವು.

"ಯಕ್ಕಾ, ನಿನ್ನ ಮಡಿ ದಂಡಿ ಮ್ಯಾಲ ಎರಡ ದಿನ ನಿಲ್ಲಸ್ತೇನಿ. ಮರಿ ಉಳಿಯಂಗ ಕಾಣವಲ್ವು."

ಓಣಿಯಲ್ಲಿ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ರೇಣವ್ವ ಅವರನ್ನು ನೋಡಿದಳು. "ಮಂದಿ ಏನಂತಾರೋ ತಮ್ಮಾ," ಎಂದಳು. "ನಾಳೆ ನನ್ನ ಅಗೀನೂ ಮುಟ್ಟಂಗಿಲ್ಲ ಅವರು."

"ಎರಡ ದಿನ ಯಕ್ಕಾ."

"ಬ್ಯಾಡೋ."

ಅವನು ಮರಿಗಳನ್ನು ಕಂಬಳಿಗೆ ಸುತ್ತಿಕೊಂಡು ಹೋದ. ಆ ವಾರ ಹದಿನಾಲ್ಕು ಮರಿ ಸತ್ತವು.

ದಸರೆಯ ಹೊತ್ತಿಗೆ ಬಾಗಲಕೋಟೆಯಿಂದ ಮಯೂರಿ ಎಂಬ ಹುಡುಗಿ ಬಂದಳು. ವಿದ್ಯಾಗಿರಿಯ ಮೇಷ್ಟ್ರ ಮನೆಯ ಮಗಳು, ತೋಟಗಾರಿಕೆ ಓದಿ ಬೆಳೆರೋಗದ ಕೆಲಸ ಮಾಡುತ್ತಿದ್ದವಳು. ಎರಡು ದಿನ ಹನ್ನೊಂದು ಹೊಲ ಸುತ್ತಿ, ಗಿಡ ಕಿತ್ತು, ಬೇರು ಸೀಳಿ, ಒಂದು ಹಾಳೆಯ ಮೇಲೆ ಎಲ್ಲ ಹೊಲಗಳ ಚಿತ್ರ ಬರೆದಳು. ಡೇರಿಯ ಕಟ್ಟೆಯ ಮೇಲೆ ಆ ಹಾಳೆ ಹರಡಿ ಕೂತಳು.

"ಇದು ಗಂಟುಬೇರಿನ ರೋಗ. ಮಣ್ಣಾಗ ಇರ್ತದ, ಕಣ್ಣಿಗೆ ಕಾಣಂಗಿಲ್ಲ. ಮಣ್ಣ ಎಲ್ಲಿ ಹೋಗ್ತದ ಅಲ್ಲಿ ಹೋಗ್ತದ. ಕಾಲಿಗೆ, ಕುರ್ಪಿಗೆ, ಟ್ರ್ಯಾಕ್ಟರ್ ಗಾಲಿಗೆ, ನೀರಿಗೆ. ಒಂದ ಸಲ ಬಂದ್ರ ಹದಿನೈದಿಪ್ಪತ್ತ ವರ್ಷ ನೆಲದಾಗ ಮಲಗಿರ್ತದ. ಅದಕ್ಕ ಔಷಧ ಹೊಡದ ಕೊಲ್ಲಾಕ ಆಗಂಗಿಲ್ಲ. ಸುಣ್ಣ ಹಾಕಿದ್ರ ಸೊಕ್ಕ ಕಡಿಮಿ ಆಗ್ತದ, ಸಾಯಂಗಿಲ್ಲ. ಏಳೆಂಟ ವರ್ಷರೆ ಆ ನೆಲದಾಗ ಕ್ಯಾಬೀಜ, ಹೂಕೋಸ, ಮೂಲಂಗಿ, ಸಾಸಿವಿ ಬ್ಯಾಡ. ಜ್ವಾಳ, ಉಳ್ಳಾಗಡ್ಡಿ, ಶೇಂಗಾ ಬೆಳೀರಿ."

"ಕುರಿ ತಂದಾವ್ರಿ ಇದನ್ನ," ಎಂದ ಯಮನಪ್ಪ.

"ಕುರಿನೂ ತರಬಹುದು, ಸುಳ್ಳಲ್ಲ. ರೋಗದ ಗಡ್ಡಿ ತಿಂದ್ರ ಹಿಕ್ಕ್ಯಾಗೂ ಬರ್ತದ. ಆದ್ರ ಕುರಿ ಹೊಲದ ತುಂಬ ಮಲಗ್ತಾವ ಹೌದಲ್ರೀ? ಇಲ್ಲಿ ನೋಡ್ರಿ." ಅವಳು ಹಾಳೆಯ ಮೇಲೆ ಪೆನ್ಸಿಲ್ ಇಟ್ಟಳು. "ಹನ್ನೊಂದೂ ಹೊಲದಾಗ ಶುರು ಆಗಿದ್ದು ಈಶಾನ್ಯ ಮೂಲ್ಯಾಗ. ಆ ಮೂಲ್ಯಾಗ ಏನ ಮಾಡ್ತೀರಿ ನೀವು?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಗುರಪ್ಪನ ಸೊಸೆ ಅಂಜನಾ ಹಿಂದಿನಿಂದ, ಬಾಯಿಗೆ ಬಂದದ್ದನ್ನು ಹಾಗೇ ಆಡಿದಳು. "ಅಲ್ಲಿ ರೇಣವ್ವತ್ತಿ ಉಡಿಮಣ್ಣ ಹಾಕ್ತಾಳಲ್ರೀ ಬಾಯಾರ." ಆಡಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಊರಿಗೆ ಊರೇ ಎಂಟು ಗುಂಟೆಗೆ ನಡೆಯಿತು. ದೀಪಾವಳಿ ನಾಟಿಗೆಂದು ಎಬ್ಬಿಸಿದ ಅಗಿ ಆರು ಮಡಿಯಲ್ಲಿ ಹಸಿರಾಗಿ ನಿಂತಿತ್ತು. ಮಯೂರಿ ತಾಯಿಮಡಿಯಿಂದ ಒಂದು ಅಗಿ ಕಿತ್ತಳು. ಬೇರಿನಲ್ಲಿ ಗಂಟು. ನೀರು ಹರಿದು ಹೋಗುವ ದಾರಿಯ ಮಡಿಗಳಲ್ಲೂ ಗಂಟು. ಅವಳು ಮೆಲ್ಲಗೆ, ಬೇರೆಯವರಿಗೆ ಕೇಳಬಾರದೆಂಬಂತೆ ಕೇಳಿದಳು, "ಮದ್ಲ ನೋಡಿದ್ರೇನವ್ವಾ ಇದನ್ನ?"

ಇಲ್ಲ ಎಂದಿದ್ದರೆ ನಂಬುತ್ತಿದ್ದರೋ ಏನೋ.

"ನೋಡಿದ್ದೆ," ಎಂದಳು ರೇಣವ್ವ. "ಆಷಾಢದಾಗ. ನೋಡೇ ಕೊಟ್ಟೆ."

ಗುರಪ್ಪ ಹತ್ತಿರ ಬಂದ. "ನಾ ನಿನ್ನ ಕೂಸಿನಂಗ ಎತಗೊಂಡ ಹೋಗಿದ್ನೆಲ್ಲಬೇ ನನ್ನ ಹೊಲಕ್ಕ," ಎಂದ. ಅಷ್ಟು ಹೇಳಿ ಬೂಟುಗಾಲಲ್ಲಿ ತಾಯಿಮಡಿಗೆ ಇಳಿದು ತುಳಿಯತೊಡಗಿದ. ಯಮನಪ್ಪ ಇಳಿದ. ಹನ್ನೊಂದು ಮನೆಯವರೂ ಇಳಿದರು. ಆರು ಮಡಿಯ ಅಗಿಯನ್ನೂ ಕೆಸರು ಮಾಡುವ ತನಕ ತುಳಿದರು.

"ತುಳೀಬ್ಯಾಡ್ರಿ!" ಮಯೂರಿ ಕೂಗುತ್ತಿದ್ದಳು. "ಕಾಲಿಗೆ ಹತ್ತತದ್ರೀ! ಅದ ಮಣ್ಣ ನಿಮ್ಮ ಹೊಲಕ್ಕ ಒಯ್ತೀರಿ!"

ಯಾರು ಕೇಳುತ್ತಾರೆ? ತುಳಿದು ದಣಿದು, ಅದೇ ಕಾಲಲ್ಲಿ ತಂತಮ್ಮ ಹೊಲಗಳ ಬದುವಿನ ಮೇಲೆ ನಡೆದು ಮನೆಗೆ ಹೋದರು.

ಹುಡುಗಿ ಹೇಳಿದ್ದ ಹತ್ತು ಮಾತಿನಲ್ಲಿ ಊರು ಒಂದನ್ನು ಹಿಡಿಯಿತು, ಕಾಲು ತೊಳೆಯಬೇಕು ಎಂಬುದನ್ನು. ಊರೊಳಗೆ ಬರುವ ದಾರಿಯಲ್ಲಿ ಬ್ಲೀಚಿಂಗ್ ಪೌಡರಿನ ನೀರು ತುಂಬಿದ ಪ್ಲಾಸ್ಟಿಕ್ ಬುಟ್ಟಿ ಇಟ್ಟರು. ಅದು ರೇಣವ್ವ ಒಬ್ಬಳಿಗೇ. ಕಿರಾಣಿ ಅಂಗಡಿಗೆ ಹೋಗಬೇಕೆಂದರೆ ಅದರಲ್ಲಿ ನಿಂತು ಹೋಗಬೇಕು. ಹೆಂಗಸರು ಕಟ್ಟೆಯಿಂದ, "ಇನ್ನೊಂದೀಟ ನಿಲ್ಲಬೇ ಅತ್ತಿ, ಹಿಮ್ಮಡ ಉಳದಾವ," ಎಂದು ನಗುವರು. ಅವಳ ಕಾಲ್ಬೆರಳ ಸಂದುಗಳು ಸುಲಿದು ಕೆಂಪಾದವು. ಗುರಪ್ಪನ ಟ್ರ್ಯಾಕ್ಟರು ಮಾತ್ರ ಗಾಲಿಗೆ ಮೆತ್ತಿದ ಮಣ್ಣಿನ ಸಮೇತ ಹೊಲದಿಂದ ಹೊಲಕ್ಕೆ ಬಾಡಿಗೆ ಹೊಡೆಯುತ್ತಲೇ ಇತ್ತು. ಅದನ್ನು ತೊಳೆಯಿರಿ ಎನ್ನುವ ಬಾಯಿ ಯಾರಿಗಿತ್ತು?

ಅಮಸಿದ್ದಪ್ಪನಿಗೆ ತಪ್ಪಾಯಿತು ಎನ್ನಲು ಊರಿನವರು ಯಾರೂ ಹೊಳೆ ದಾಟಲಿಲ್ಲ. ರೇಣವ್ವ ದಾಟಿದಳು. ಅವನು ಉಳಿದ ಕುರಿಗಳ ಗೊರಸಿಗೆ ಬೇವಿನೆಣ್ಣೆ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ತಮ್ಮಾ, ಅದು ಕುರಿಯಿಂದಲ್ಲೋ. ನನ್ನಿಂದ."

"ಗೊತ್ತೈತಿ."

"ಯಾರ ಹೇಳಿದ್ರು?"

"ಯಾರ ಹೇಳಬೇಕ? ನೀ ಹೊಳಿಗೆ ಒಗದ್ಯಲ್ಲ, ಈ ದಂಡ್ಯಾಗ ನನ್ನ ಕುರಿ ನೀರ ಕುಡಿಯಾಕತ್ತಿದ್ವು. ಒಂದು ಮುದ್ದಿ ಇಲ್ಲಿಗೇ ಬಂತು. ಬಿಚ್ಚಿ ನೋಡಿದೆ."

ರೇಣವ್ವ ಅಲ್ಲಿಯೇ ಕೂತಳು. "ಮತ್ತ ಕಟ್ಟಿ ಮ್ಯಾಲ ಯಾಕ ಬಾಯಿ ಬಿಡಲಿಲ್ಲೋ?"

"ನೀ ಹೇಳ್ತೀ ಅಂತ ಕಾದೆ." ಅವನು ಕುರಿಯ ಕಾಲು ಬಿಟ್ಟು ಇನ್ನೊಂದು ಕುರಿಯನ್ನು ಎಳೆದುಕೊಂಡ. "ಮರಿ ಹಿಡಕೊಂಡ ಬಂದಾಗೂ ಕಾದೆ."

"ಬೈಯೋ. ಬಡಿ ಬೇಕಾದ್ರ."

"ಬೈಯಾಕ ಬಾಯಿ ಬರವಲ್ದು ಯಕ್ಕಾ. ಬೈಯಾಕ ಬಂದಿದ್ರ ನೀ ಇನ್ನೂ ನನ್ನ ಅಕ್ಕ ಆಗಿ ಇರತಿದ್ದಿ."

ಮರುವಾರ ಅವನು ಹಿಂಡು ಹೊಡೆದುಕೊಂಡು ಹುನಗುಂದದ ಕಡೆ ಹೋದ. ಮತ್ತೆ ಈ ದಂಡೆಗೆ ಬರಲಿಲ್ಲ.

ಮಯೂರಿ ಒಬ್ಬಳು ಮಾತ್ರ ರೇಣವ್ವನ ಕೈಬಿಡಲಿಲ್ಲ. ಗುಳಿಗುಳಿಯ ಪ್ಲಾಸ್ಟಿಕ್ ಟ್ರೇ ಇಪ್ಪತ್ತು, ತೆಂಗಿನ ನಾರಿನ ಪುಡಿ ನಾಲ್ಕು ಚೀಲ ತಂದುಕೊಟ್ಟಳು. "ಮಣ್ಣ ಬ್ಯಾಡ ಅವ್ವಾ. ನೆಲಕ್ಕ ತಾಗಸಬ್ಯಾಡ್ರಿ, ಹೊಳಿ ನೀರೂ ಬ್ಯಾಡ, ಬೋರಿನ ನೀರ ಹಾಕ್ರಿ. ಇದರಾಗ ರೋಗ ಬರಂಗಿಲ್ಲ." ರೇಣವ್ವ ಮನೆಯ ಮಾಳಿಗೆಯ ಮೇಲೆ ಟ್ರೇ ಜೋಡಿಸಿ, ನೀರು ಹೊತ್ತು ದಿನಾ ಹತ್ತು ಸಲ ಮೆಟ್ಟಿಲು ಹತ್ತಿಳಿದಳು. ಇಪ್ಪತ್ತೈದನೆಯ ದಿನ ಒಂದು ಅಗಿ ಎತ್ತಿ ನೋಡಿದಳು. ಬೇರು ಹತ್ತಿಯ ಎಳೆಯ ಹಾಗೆ ಬೆಳ್ಳಗಿತ್ತು. ಅಂಥ ಅಗಿ ಅವಳೂ ಹಿಂದೆ ಎಬ್ಬಿಸಿರಲಿಲ್ಲ.

ಊರಿನವರು ಒಯ್ಯುವುದಿಲ್ಲವೆಂದು ಕೆರೂರ ಸಂತೆಗೆ ಹೊತ್ತಳು. ಒಬ್ಬ ಹೆಂಗಸು ಕೂತು, ಬೇರು ನೋಡಿ, "ಎಷ್ಟ ಚಂದ ಅದಾವಬೇ. ಯಾವೂರು?" ಎಂದಳು. ಊರು ಹೇಳಿದಳು. "ಅಯ್, ಅಲ್ಲಿ ಯಾವಳೋ ರೇಣವ್ವ ಅಂತ, ವಿಷದ ಮಣ್ಣ ಹಾಕಿ ಹೊಲ ಕೆಡಿಸಿದಾಕಿ, ಆಕೀವಲ್ಲಲ್ಲಾ?"

"ಆಕೀವ," ಎಂದಳು ರೇಣವ್ವ.

ಆ ಹೆಂಗಸು ಅಗಿಯನ್ನು ಕೆಳಗಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದಳು. ಹೊತ್ತು ಏರುವುದರೊಳಗೆ ಸಂತೆಯೆಲ್ಲ ಆ ಮಾತು. ಮೂರು ಸಂತೆ ಹಾಗೇ ಹೋಯಿತು. ಅಗಿ ಬಲಿತು ದಂಟು ಉದ್ದವಾಗಿ ಬಾಗಿದವು.

ನಾಲ್ಕನೆಯ ವಾರ ಗುರಪ್ಪ ಅವಳ ಮಾಳಿಗೆ ಹತ್ತಿದ. ಟ್ರೇಗಳನ್ನು ಎತ್ತಿ ಎತ್ತಿ ನೋಡಿದ, ಬೇರು ಬಿಡಿಸಿ ನೋಡಿದ. ಮುಂದಿನ ತಿಂಗಳು ರಸ್ತೆಯ ಬದಿಯ ಅವನ ಜಾಗದಲ್ಲಿ ಹಸಿರು ನೆರಳುಬಲೆಯ ಮನೆ ಎದ್ದಿತು, ಎರಡು ಸಾವಿರ ಟ್ರೇ ಬಂದವು. ಆದರೆ ಪುಡಿಗೆ ಎಷ್ಟು ನೀರು ಕಲೆಸಬೇಕು, ಬೀಜ ಎಷ್ಟು ಆಳ ಇಡಬೇಕು ಎಂಬುದು ಅವನ ಆಳುಗಳಿಗೆ ಹತ್ತಲಿಲ್ಲ. ಮೊದಲ ಸಲದ ಬೀಜ ಅರ್ಧಕ್ಕರ್ಧ ಏಳಲಿಲ್ಲ. ಆಗ ರೇಣವ್ವನಿಗೆ ಹೇಳಿಕಳಿಸಿದ.

"ಪಗಾರ ಕೊಡ್ತೇನಿ ಅತ್ತಿ. ಆದ್ರ ಎರಡ ಮಾತು. ಗಿರಾಕಿ ಬಂದ್ರ ನೀ ಪರದಿ ಹಿಂದ ಇರಬೇಕ. ಬರಿಗೈಲೆ ಏನೂ ಮುಟ್ಟಬಾರದು."

ಅವಳ ಎಂಟು ಗುಂಟೆಯಲ್ಲಿ ಸುಣ್ಣ ಹರಡಿತ್ತು, ಅದರ ಮೇಲೆ ಅರೆಬರೆ ಜೋಳ ನಿಂತಿತ್ತು. ಹಿಟ್ಟಿನ ಡಬ್ಬಿ ತಳ ಕಂಡಿತ್ತು. ಹೂಂ ಎಂದಳು.

ಈಗ ಅಲ್ಲಿಯೇ ಇದ್ದಾಳೆ. ಗುರಪ್ಪನ ಅಗಿ ಬಾದಾಮಿ, ಹುನಗುಂದ, ಇಳಕಲ್ಲಿನ ತನಕ ಹೋಗುತ್ತದೆ, ಹಚ್ಚಿದರೆ ಸಾಯುವುದಿಲ್ಲ ಎನ್ನುತ್ತಾರೆ ಜನ. ಮೊನ್ನೆ ಇಳಕಲ್ಲಿನ ಕಡೆಯಿಂದ ಅಮೀನಸಾಬ ಎಂಬ ರೈತ ಬಂದಿದ್ದ. ಬೇರು ನೋಡಿ ಬೆರಗಾಗಿ ಕೇಳಿದ, "ಕೈ ಭಾಳ ಚಲೋ ಐತ್ರಿ. ಯಾರ ಎಬ್ಬಸ್ತಾರ ಇವನ್ನ?"

"ಯಾರ ಕೈನೂ ಇಲ್ಲ ಸಾಬರ," ಎಂದ ಗುರಪ್ಪ. "ಎಲ್ಲಾ ಮಷಿನ್ನ ಮಾ‌ಡತೈತಿ."

ಪರದೆಯ ಹಿಂದೆ ರೇಣವ್ವ ಕೂತಿದ್ದಳು. ಎಲೆಕೋಸಿನ ಬೀಜ ಸಾಸಿವೆಯಷ್ಟು ಸಣ್ಣದು. ರಬ್ಬರಿನ ಬೆರಳಿಗೆ ಅದು ಒಂದೋ ಎರಡೋ ಎಂದು ತಿಳಿಯುವುದಿಲ್ಲ. ಅದಕ್ಕೆ ಅವಳು ಬಲಗೈಯ ಕೈಗವಸು ತೆಗೆದು ತೊಡೆಯ ಮೇಲಿಟ್ಟು, ಗುಳಿಗೊಂದರಂತೆ ಬೀಜ ಬಿಡುತ್ತಿದ್ದಳು. ಅಮೀನಸಾಬನ ಗಾಡಿ ಹೋದ ಮೇಲೆ ಗುರಪ್ಪ ಪರದೆ ಸರಿಸಿ ನೋಡಿದ.

"ಅತ್ತಿ, ಗ್ಲೌಜ," ಎಂದ.

ರೇಣವ್ವ ಕೈಗವಸು ಹಾಕಿಕೊಂಡಳು. ಒಂದೇ ಗುಳಿಗೆ ಮೂರು ಬೀಜ ಬಿದ್ದವು. ಅವನ್ನು ಹೆಕ್ಕಿ ತೆಗೆಯಲು ಆ ದಪ್ಪ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು.